ಮಕ್ಕಳ ‘ಏಕೆ?’ಗೆ ಉತ್ತರ ಬರೆದವರು

ಪ್ರವಾದಿವರ್ಯರಿಗೆ(ಸ) ಬಂದ ಮೊದಲ ಆದೇಶವೇ ಓದಿನ ಕುರಿತಾದದ್ದು ಎಂಬ ಮಾತು ನಮ್ಮ ಶೈಕ್ಷಣಿಕ ಸಭೆಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಆದರೆ ಹತ್ತು-ಹನ್ನೆರಡು ವರ್ಷದ ಮಗು ಪಠ್ಯಪುಸ್ತಕ ಮುಚ್ಚಿದ ಮೇಲೆ ಏನನ್ನು ಓದಬೇಕೆಂಬ ಚರ್ಚೆ ಅಪರೂಪ. ಕಥೆ ಪುಸ್ತಕಗಳಾದರೂ ಹೇಗೋ ಮಕ್ಕಳ ಕೈ ಸೇರುತ್ತವೆ. ಲೋಕದ ನಿಜ ಸಂಗತಿಗಳನ್ನು ಕಥೆಯಷ್ಟೇ ಸ್ವಾರಸ್ಯವಾಗಿ ಹೇಳುವ ಪುಸ್ತಕಗಳಿಗೂ ಕನ್ನಡ, ಉರ್ದು ಎರಡರಲ್ಲೂ ಒಂದು ಇತಿಹಾಸವಿದೆ. ಮಕ್ಕಳಿರಲಿ, ಶಿಕ್ಷಕರಾದ ನಮ್ಮಲ್ಲೇ ಅನೇಕರಿಗೆ ಅದು ಅಪರಿಚಿತ.

ಹೈದರಾಬಾದಿನಲ್ಲಿ ಕಾಲೇಜು ಶಿಕ್ಷಣವನ್ನು ಉರ್ದುವಿನಲ್ಲೇ ಕೊಡಬೇಕೆಂದು 1917ರಲ್ಲಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಆರಂಭವಾಯಿತು. ಮರುವರ್ಷ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಅದು ನಡೆದದ್ದು ಎರಡೇ ವರ್ಷ. ಇವೆರಡೂ ದೊಡ್ಡವರಿಗಾಗಿ ನಡೆದ ಪ್ರಯತ್ನಗಳು.

ಮಕ್ಕಳಿಗಾಗಿ ಕುಳಿತು ಬರೆದವರು ಡಾ. ಶಿವರಾಮ ಕಾರಂತರು. ನಮ್ಮ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದರೆ ಪುತ್ತೂರು ದೂರವೇನಲ್ಲ. ಅಲ್ಲಿ ನೆಲೆಸಿದ್ದ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದಾಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಅವರ ಬಳಿ ಕಾಲೇಜು ಪದವಿಯೂ ಇರಲಿಲ್ಲ. ಅಸಹಕಾರ ಚಳವಳಿಯ ಕಾಲದಲ್ಲಿ ಓದನ್ನು ಅರ್ಧಕ್ಕೇ ಬಿಟ್ಟವರು ಅವರು. ಇದು ಕೊರತೆಯಾಗದೆ ಅನುಕೂಲವೇ ಆಯಿತೆಂದು ನನ್ನ ಅಭಿಪ್ರಾಯ. ತಾನೇ ಹುಡುಕಿ ಕಲಿತವನಿಗೆ, ಗೊತ್ತಿಲ್ಲದವನ ಕಷ್ಟ ಎಲ್ಲಿ ಶುರುವಾಗುತ್ತದೆಂಬುದು ನೆನಪಿರುತ್ತದೆ. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬ ಸೂತ್ರವನ್ನು ನಾವು ಬಿ.ಎಡ್. ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು, ಅಷ್ಟೆ! ಕಾರಂತರು ಅಲ್ಲಿಗೇ ನಿಲ್ಲದೆ 1959ರಿಂದ 1964ರವರೆಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಬರೆದರು.

ಕಾದಂಬರಿಕಾರ ನಿರಂಜನರು ಹಿಡಿದದ್ದು ಬೇರೆ ದಾರಿ. 1970ರ ದಶಕದಲ್ಲಿ ಅವರ ಸಂಪಾದಕತ್ವದಲ್ಲಿ ಅನೇಕ ಲೇಖಕರು ಸೇರಿ ಸಿದ್ಧಪಡಿಸಿದ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಕಿರಿಯರ ವಿಶ್ವಕೋಶವೆಂದೇ ಹೆಸರಾಯಿತು. ಇಂಥ ಗಾತ್ರದ ಗ್ರಂಥಗಳಿಗೆ ಒಂದು ದುರದೃಷ್ಟವಿದೆ. ಬೆಲೆಬಾಳುವ ಪುಸ್ತಕ, ಹರಿದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಕೊಡುವವರು ಯಾರು ಎಂಬ ಭಯದಿಂದ ಅವು ಬೀರುವಿನೊಳಗೇ ಉಳಿಯುತ್ತವೆ. ಮಕ್ಕಳಿಗಾಗಿ ಮಾಡಿದ ಪುಸ್ತಕಕ್ಕೆ ಬೀಗ ಹಾಕಿಟ್ಟರೆ ಅದನ್ನು ಓದುವವರು ಗೆದ್ದಲುಗಳು ಮಾತ್ರ.

ಆ ದೃಷ್ಟಿಯಿಂದ 1978ರಲ್ಲಿ ಆರಂಭವಾದ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹೆಚ್ಚು ಉಪಕಾರ ಮಾಡಿತು. ತೆಳ್ಳಗಿನ ಪತ್ರಿಕೆಯನ್ನು ಮಗು ಮನೆಗೆ ಒಯ್ಯಬಹುದಿತ್ತು. ಮುಂದೆ ನಮ್ಮ ನೆರೆಯ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ‘ಮಿಲೇನಿಯಂ ಸರಣಿ’ಯಲ್ಲಿ ಚಿಕ್ಕ ಚಿಕ್ಕ ಪುಸ್ತಕಗಳನ್ನು ಕೊಟ್ಟರು. ‘ಚಂದ್ರನ ಚೂರು’ ಅವುಗಳಲ್ಲೊಂದು. ಎಂಟನೆಯ ತರಗತಿಯವರಿಗೆ ಧೈರ್ಯವಾಗಿ ಕೊಡಬಹುದು.

ಉರ್ದುವಿನಲ್ಲಿ ಜಾಮಿಯಾ ಮಿಲ್ಲಿಯಾದಿಂದ 1926ರಲ್ಲಿ ‘ಪಯಾಮೆ ತಾಲೀಮ್’ ಬಂತು. ಮುಂದೆ 1967ರಲ್ಲಿ ರಾಷ್ಟ್ರಪತಿಗಳಾದ ಡಾ. ಝಾಕಿರ್ ಹುಸೇನರು ಮಕ್ಕಳಿಗಾಗಿ ಬರೆಯುವುದನ್ನು ಸಣ್ಣ ಕೆಲಸವೆಂದು ತಿಳಿದವರಲ್ಲ. 1994ರಿಂದ ದೆಹಲಿಯಲ್ಲಿ ‘ಉರ್ದು ಸೈನ್ಸ್’ ಮಾಸಪತ್ರಿಕೆಯೂ ಹೊರಬಂತು.

ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಎರಡೂ ಕಡೆಯ ಆಸ್ತಿಯಲ್ಲಿ ಪಾಲಿದೆ. ಒಂದು ಉದಾಹರಣೆ ಹೇಳುತ್ತೇನೆ. ‘ದ್ಯುತಿಸಂಶ್ಲೇಷಣೆ’ ಎಂದರೆ ಉರ್ದು ಶಾಲೆಯ ಮಗು ಹೆದರುತ್ತದೆ, ‘ಝಿಯಾಯಿ ತಾಲೀಫ್’ ಎಂದರೆ ಕನ್ನಡ ಶಾಲೆಯ ಮಗು. ದ್ಯುತಿ ಎಂದರೂ ಝಿಯಾ ಎಂದರೂ ಬೆಳಕೇ. ಸಂಶ್ಲೇಷಣೆ, ತಾಲೀಫ್ ಎರಡೂ ಜೋಡಿಸುವುದೇ. ಬೆಳಕಿನಿಂದ ಎಲೆ ತನ್ನ ಆಹಾರವನ್ನು ಜೋಡಿಸಿಕೊಳ್ಳುತ್ತದೆ. ಎರಡು ಪದಗಳನ್ನೂ ಕರಿಹಲಗೆಯ ಮೇಲೆ ಬರೆದರೆ ಪಾಠದ ಅರ್ಧ ಭಾಗ ಮುಗಿದಂತೆಯೇ. ಆದರೂ ನಮ್ಮಲ್ಲಿ ಕನ್ನಡ ಪುಸ್ತಕವೆಂದರೆ ಅಂಕಕ್ಕೆ, ಉರ್ದು ಪುಸ್ತಕವೆಂದರೆ ದೀನಿಯಾತ್‌ಗೆ ಎಂಬ ವಿಂಗಡಣೆ ಬೇರೂರಿದೆ.

ಇನ್ನು ಊರಿನ ಸಂಗತಿ. 1792ರಲ್ಲಿ ಟಿಪ್ಪು ಸುಲ್ತಾನರು ಸಕಲೇಶಪುರದ ಬಳಿ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಮಕ್ಕಳನ್ನು ಕರೆದೊಯ್ದರೆ ಬರುವ ಪ್ರಶ್ನೆ ಒಂದೇ: ಇದು ನಕ್ಷತ್ರದ ಆಕಾರದಲ್ಲಿ ಏಕಿದೆ? ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿನವರಿಗೆ ಕಾಣುವುದಿಲ್ಲ. ಮೂಲೆಗಳು ಚಾಚಿಕೊಂಡಿದ್ದರೆ ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡ ಪೂರ್ತಿ ಕಾಣುತ್ತದೆ, ಗುಂಡು ಹಾರಿಸಲೂ ಆಗುತ್ತದೆ. ಫಿರಂಗಿಗಳು ಬಂದ ಮೇಲೆ ಯುರೋಪಿನಲ್ಲಿ ಬೆಳೆದ ವಿದ್ಯೆ ಇದು. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ಬಗೆಗೂ ಮಕ್ಕಳಲ್ಲಿ ಇಂಥದೇ ಕುತೂಹಲವಿದೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ಕೆಳಗೆ ಬೀಳದಿರುವುದು ಹೇಗೆ?

ಇಂಥ ಒಂದೊಂದು ಪ್ರಶ್ನೆಗೆ ಎಂಟು ಪುಟದ ಕಿರುಪುಸ್ತಕ ಸಾಕು. ಪ್ರತಿವರ್ಷ ಪ್ರತಿಭಾ ಪುರಸ್ಕಾರದಲ್ಲಿ ನಾವು ಹಂಚುವ ಸ್ಮರಣಿಕೆಗಳ ಖರ್ಚಿನಲ್ಲಿ ಸ್ವಲ್ಪವನ್ನು ಉಳಿಸಿದರೆ ಸಂಘವೇ ಅದನ್ನು ಅಚ್ಚು ಮಾಡಿಸಬಹುದು. ಎಡದಿಂದ ತೆರೆದರೆ ಕನ್ನಡ, ಬಲದಿಂದ ತೆರೆದರೆ ಉರ್ದು. ನಡುವಿನ ಎರಡು ಪುಟಗಳಲ್ಲಿ ಇಬ್ಬರಿಗೂ ಒಂದೇ ಚಿತ್ರ.