ಅಳುವುದಷ್ಟೇ ಅಲ್ಲ, ತಿರುಗುವುದು

ಮಾನಸಾಂತರ (ನಾ.)

ಕಾಳಗಿ, ಶಹಾಬಾದ, ವಾಡಿ ಕಡೆಯ ಕ್ರೈಸ್ತರಿಗೆ ಇದು ಪ್ರಾರ್ಥನೆಯ ಪದ. ಹೊರಗಿನವರ ಕಿವಿಗೆ ಮಾತ್ರ ‘ಮತಾಂತರ’ದಂತೆ ಕೇಳಿಸುವುದುಂಟು. ಎರಡಕ್ಕೂ ಬಾಲ ಒಂದೇ, ತಲೆ ಬೇರೆ. ಸಮಾಸದ ಕೊನೆಯ ‘ಅಂತರ’ಕ್ಕೆ ‘ಮತ್ತೊಂದು’ ಎಂಬ ಅರ್ಥವಿದೆ: ರೂಪಾಂತರ, ಭಾಷಾಂತರ, ದೇಶಾಂತರ. ಹಾಗೆಯೇ ಮಾನಸಾಂತರವೆಂದರೆ ಮತ್ತೊಂದು ಮನಸ್ಸು. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಮೆಟನೋಯಿಯ’ದ ಹುರುಳೂ ಮನಸ್ಸು ಬದಲಾಗುವುದೇ.

ಇದನ್ನು ‘ಪಶ್ಚಾತ್ತಾಪ’ಕ್ಕೆ ಸಮ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬೇಗೆ, ಬೆಂದವನು ಬದಲಾಗಲೇಬೇಕೆಂದಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಬೆಂದ, 30 ಬೆಳ್ಳಿ ನಾಣ್ಯ ಹಿಂತಿರುಗಿಸಿದ. ಆದರೆ ಅಲ್ಲಿ ಮತ್ತಾಯನ ಗ್ರೀಕ್ ಮೂಲ ಬೇರೆಯೇ ಕ್ರಿಯಾಪದ ಬಳಸುತ್ತದೆ. ಲೂಕನ ಸುವಾರ್ತೆಯ ಸುಂಕದವ ಜಕ್ಕಾಯ ಅತ್ತನೆಂಬ ಮಾತೇ ಇಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿದ್ದರೆ ನಾಲ್ಕರಷ್ಟು ವಾಪಸ್ ಎಂದ. ಮಾನಸಾಂತರಕ್ಕೆ ಅವನೇ ಒಳ್ಳೆಯ ಉದಾಹರಣೆ.

ಮಲಯಾಳದಲ್ಲಿ ಇದೇ ‘ಮಾನಸಾಂತರಂ’. ಸೇಡಂ, ಚಿಂಚೋಳಿಯ ಗಡಿ ದಾಟಿದರೆ ತೆಲುಗಿನ ‘ಮಾರುಮನಸ್ಸು’ (ನಮ್ಮ ಮಾರುವೇಷ ನೆನೆಯಿರಿ). ತಮಿಳಿನ ‘ಮನಂದಿರುಂಬುದಲ್’ನಲ್ಲಿ ತಿರುಗುವ ಅರ್ಥ ಎದ್ದು ಕಾಣುತ್ತದೆ, ಹೀಬ್ರೂವಿನ ‘ಶೂವ್’ ಧಾತುವಿನಂತೆ. ಕಲಬುರಗಿ ಸೀಮೆಯ ಉರ್ದು ಮಾತಿನ ‘ತೋಬಾ’ ಕೂಡ ಮೂಲ ಅರಬ್ಬಿಯಲ್ಲಿ ಮರಳುವಿಕೆಯೇ. ಈಗ ಟೊಮೆಟೊ ದರ ಕೇಳಿದವರೂ ‘ತೋಬಾ ತೋಬಾ’ ಅನ್ನುತ್ತಾರೆ.