ಹೆಗಲಿನ ಗಂಟು, ಹೆಬ್ಬೆರಳಿನ ಒತ್ತು

ಕುತ್ತಿಗೆ ಹಿಡಿದುಕೊಂಡಿದೆ ಎಂದು ಬರುವ ರೋಗಿಯ ಎಕ್ಸ್‌ರೇಯಲ್ಲಿ ಅನೇಕ ವೇಳೆ ಏನೂ ಕಾಣುವುದಿಲ್ಲ. ಮೂಳೆ ಸರಿಯಾಗಿದೆ, ಕೀಲು ಸರಿಯಾಗಿದೆ, ರಕ್ತದಲ್ಲೂ ದೋಷವಿಲ್ಲ. ಆದರೂ ಕತ್ತು ತಿರುಗದು, ಕೈ ಮೇಲೇಳದು. ಕಣ್ಣಿಗೆ ಕಾಣದ ನೋವು ಸುಳ್ಳು, ಅಥವಾ ಮನಸ್ಸಿನ ಕಲ್ಪನೆ ಎಂದು ತೀರ್ಮಾನಿಸುವುದು ಸುಲಭ. ಹಾಗೆ ತೀರ್ಮಾನಿಸಲು ಒಪ್ಪದೆ, ರೋಗಿಯ ಸ್ನಾಯುವನ್ನು ಬೆರಳಿನಿಂದ ತಡವಿ ನೋಡಿದ ಕೆಲವು ವೈದ್ಯರಿಂದ ಈ ಚಿಕಿತ್ಸೆಯ ಚರಿತ್ರೆ ಆರಂಭವಾಗುತ್ತದೆ.

ಜರ್ಮನ್ ವೈದ್ಯ ರಾಬರ್ಟ್ ಫ್ರೊರೀಪ್ 1843ರಲ್ಲೇ ಸ್ನಾಯುವಿನೊಳಗೆ ಹುರಿಗಟ್ಟಿದಂತಿರುವ, ಮುಟ್ಟಿದರೆ ನೋಯುವ ಭಾಗಗಳನ್ನು ಗುರುತಿಸಿ ಅವನ್ನು 'ಸ್ನಾಯುವಿನ ಜಡ್ಡು' ಎಂದು ಕರೆದಿದ್ದರು. 1904ರಲ್ಲಿ ಬ್ರಿಟನ್ನಿನ ವಿಲಿಯಂ ಗವರ್ಸ್ ಇಂಥ ನೋವಿಗೆ 'ಫೈಬ್ರೋಸೈಟಿಸ್' ಎಂದು ನಾಮಕರಣ ಮಾಡಿದರು. ಹೆಸರಿನಲ್ಲಿ ಉರಿಯೂತವಿತ್ತು, ಸ್ನಾಯುವಿನಲ್ಲಿ ಅದು ಸಿಗಲಿಲ್ಲ. ಹೆಸರು ಮಾತ್ರ ಬಹುಕಾಲ ಉಳಿಯಿತು! 1938ರಲ್ಲಿ ಲಂಡನ್ನಿನ ಜೆ. ಎಚ್. ಕೆಲ್‌ಗ್ರೆನ್ ತಮ್ಮ ಸ್ನಾಯುಗಳಿಗೂ ಸ್ವಯಂಸೇವಕರ ಸ್ನಾಯುಗಳಿಗೂ ಉಪ್ಪಿನ ದ್ರಾವಣವನ್ನು ಚುಚ್ಚಿ ನೋಡಿದರು. ಚುಚ್ಚಿದ ಜಾಗ ಒಂದಾದರೆ ನೋವು ಕಾಣಿಸಿಕೊಂಡದ್ದು ಎಷ್ಟೋ ಬಾರಿ ದೂರದ ಇನ್ನೊಂದು ಜಾಗದಲ್ಲಿ.

ಈ ಎಳೆಯನ್ನು ಹಿಡಿದವರು ನ್ಯೂಯಾರ್ಕಿನ ಡಾ. ಜಾನೆಟ್ ಟ್ರಾವೆಲ್. 1901ರಲ್ಲಿ ಹುಟ್ಟಿದ ಈಕೆ ಹೃದಯ ಹಾಗೂ ಶ್ವಾಸಕೋಶದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಪ್ರಾಣಕ್ಕೇ ಕುತ್ತಾದ ಕಾಯಿಲೆಯಿದ್ದರೂ ಅನೇಕರ ದೂರು ಭುಜದ ನೋವಿನ ಬಗ್ಗೆಯೇ ಇರುತ್ತಿತ್ತು. ಮುಂದೆ ಅವರ ಸ್ವಂತ ಭುಜಕ್ಕೂ ಅದೇ ಗತಿ ಬಂತು. ಹೆಗಲಿನ ಮೂಳೆಯ ಸುತ್ತ ಒತ್ತಿ ಹುಡುಕಿದಾಗ, ಒಂದು ಜಾಗವನ್ನು ಮುಟ್ಟಿದೊಡನೆ ತೋಳಿನ ನೋವು ಯಥಾವತ್ತಾಗಿ ಮರುಕಳಿಸಿತು. ಅಂಥ ಬಿಂದುಗಳೇ 'ಟ್ರಿಗರ್ ಪಾಯಿಂಟ್'ಗಳು. ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಎಳೆಯುವುದು ಇಲ್ಲಿ, ಗುಂಡು ತಗಲುವುದು ಅಲ್ಲಿ.

ಟ್ರಾವೆಲ್ ದಶಕಗಳ ಕಾಲ ಈ ನೋವುಗಳ ನಕ್ಷೆ ಬರೆದರು. ಕತ್ತಿನ ಹಿಂಬದಿಯಿಂದ ಭುಜದ ತುದಿಯವರೆಗೆ ಹರಡಿರುವ ಟ್ರಪೀಜಿಯಸ್ ಸ್ನಾಯುವಿನ ಮೇಲಂಚಿನ ಗಂಟು ಕತ್ತಿನ ಪಕ್ಕದಲ್ಲಿ ಏರಿ ಕಣತಲೆಯವರೆಗೆ ನೋವು ಕಳುಹಿಸುತ್ತದೆ. ತಲೆನೋವೆಂದು ಮಾತ್ರೆ ನುಂಗುವವರ ಮೂಲ ತೊಂದರೆ ಹೆಗಲಲ್ಲಿರಬಹುದು. ಹೆಗಲಮೂಳೆಯ ಹಿಂದಿನ ಇನ್‌ಫ್ರಾಸ್ಪೈನೇಟಸ್ ಸ್ನಾಯು ಕೆಟ್ಟರೆ ಭುಜದ ಮುಂಭಾಗ ನೋಯುತ್ತದೆ. ನೋಯುವ ಕಡೆಯೇ ಉಜ್ಜಿ ಫಲವಿಲ್ಲವೆಂಬುದು ಈ ನಕ್ಷೆಯ ಸಾರ.

ಆರಂಭದಲ್ಲಿ ಟ್ರಾವೆಲ್ ನೆಚ್ಚಿದ್ದು ಸೂಜಿಯನ್ನು. ಗಂಟಿಗೆ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಚುಚ್ಚುವುದು, ಚರ್ಮಕ್ಕೆ ತಣ್ಣನೆಯ ದ್ರವ ಸಿಂಪಡಿಸಿ ಸ್ನಾಯುವನ್ನು ಹಿಗ್ಗಿಸುವುದು ಅವರ ಕ್ರಮ. 1955ರಲ್ಲಿ ಬೆನ್ನುನೋವಿನಿಂದ ಬಳಲುತ್ತಿದ್ದ ಸೆನೆಟರ್ ಜಾನ್ ಕೆನಡಿ ಅವರ ಬಳಿಗೆ ಬಂದರು. 1961ರಲ್ಲಿ ಕೆನಡಿ ಅಧ್ಯಕ್ಷರಾದಾಗ ಟ್ರಾವೆಲ್ ಶ್ವೇತಭವನದ ಮೊದಲ ಮಹಿಳಾ ವೈದ್ಯೆಯಾದರು. ಅದೇ ವರ್ಷ ಡಾ. ಹಾನ್ಸ್ ಕ್ರಾಸ್ ಚುಚ್ಚುಮದ್ದನ್ನು ನಿಲ್ಲಿಸಿ ವ್ಯಾಯಾಮ ಮಾಡಿಸಬೇಕೆಂದು ಪಟ್ಟು ಹಿಡಿದರು. ವಿಚಿತ್ರವೆಂದರೆ, ತಣ್ಣನೆಯ ದ್ರವ ಸಿಂಪಡಿಸುವ ವಿಧಾನವನ್ನು ಟ್ರಾವೆಲ್ ಕಲಿತದ್ದು ಇದೇ ಕ್ರಾಸ್ ಅವರಿಂದ.

ಸೂಜಿಯ ಜಾಗಕ್ಕೆ ಬೆರಳು ಬಂದುದರಲ್ಲಿ ಡೇವಿಡ್ ಸೈಮನ್ಸ್ ಅವರ ಪಾಲೂ ಇದೆ. 1957ರಲ್ಲಿ ಬಲೂನಿನಲ್ಲಿ 1,01,000 ಅಡಿಗೂ ಮೇಲೇರಿದ್ದ ವಾಯುಪಡೆಯ ಈ ವೈದ್ಯ, ಟ್ರಾವೆಲ್ ಜೊತೆಗೂಡಿ 1983ರಲ್ಲಿ ಹೊರತಂದ ಕೈಪಿಡಿ ಇಂದಿಗೂ ಈ ಕ್ಷೇತ್ರದ ಮೂಲಗ್ರಂಥ. ಅದರಲ್ಲಿ ಗಂಟಿನ ಮೇಲೆ ಹೆಬ್ಬೆರಳನ್ನು ಊರಿ, ನೋವು ತಾಳುವಷ್ಟೂ ಬಲವಾಗಿ ಅದುಮುವ ಸಲಹೆಯಿತ್ತು. 1999ರ ಎರಡನೆಯ ಆವೃತ್ತಿಯ ಹೊತ್ತಿಗೆ ಆ ಒರಟುತನ ಹೋಗಿತ್ತು: ಬೆರಳಿಗೆ ಪ್ರತಿರೋಧ ತಾಗುವವರೆಗೆ ಮಾತ್ರ ಒತ್ತಿ, ಸ್ನಾಯು ಸಡಿಲಗೊಳ್ಳುವವರೆಗೆ ಕಾಯಬೇಕು. ಹೆಚ್ಚು ನೋಯಿಸಿದರೆ ಹೆಚ್ಚು ಗುಣ ಎಂದು ನಂಬಿದವರು ಇದನ್ನು ಗಮನಿಸಬೇಕು. ಕತ್ತಿನ ಮುಂಭಾಗದಲ್ಲಿ ಮಿದುಳಿಗೆ ಹೋಗುವ ರಕ್ತನಾಳಗಳಿವೆ. ಅಲ್ಲಿ ಅದುಮುವುದು ಅಪಾಯ. ಬಿದ್ದು ಪೆಟ್ಟಾದ ಕುತ್ತಿಗೆಗೆ, ಜೋಮು ಹಿಡಿದ ಕೈಗೆ ಮೊದಲು ವೈದ್ಯರ ತಪಾಸಣೆ ಆಗಬೇಕು.

ಈ ಗಂಟು ನಿಜಕ್ಕೂ ಏನು? ಜಗಳ ಇನ್ನೂ ಮುಗಿದಿಲ್ಲ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ವಿದ್ಯೆಯ ನಿಪುಣರಿಗೆ, ಯಾರಿಗೆ ಯಾವ ಕಾಯಿಲೆ ಎಂದು ತಿಳಿಸದೆ, ರೋಗಿಗಳನ್ನೂ ಆರೋಗ್ಯವಂತರನ್ನೂ ಒಪ್ಪಿಸಲಾಯಿತು. ಹುರಿಗಟ್ಟಿದ ಎಳೆಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸಿಕ್ಕವು. ಆ ವರದಿಯ ಲೇಖಕರಲ್ಲಿ ಸೈಮನ್ಸ್ ಕೂಡ ಒಬ್ಬರು ಎಂಬುದನ್ನು ಮೆಚ್ಚಲೇಬೇಕು. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇ ಷಾ ಮತ್ತು ಸಂಗಡಿಗರು ಟ್ರಪೀಜಿಯಸ್ ಗಂಟಿನಿಂದ ಅತಿ ಸಣ್ಣ ಸೂಜಿಯ ಮೂಲಕ ದ್ರವ ತೆಗೆದು ಪರೀಕ್ಷಿಸಿದಾಗ, ನೋವು ಹುಟ್ಟಿಸುವ ರಾಸಾಯನಿಕಗಳು ಹೆಚ್ಚಿದ್ದುದು ಕಂಡುಬಂತು. ಹತ್ತು ವರ್ಷಗಳ ಅನಂತರ ಕ್ವಿಂಟ್ನರ್, ಬೋವ್ ಮತ್ತು ಕೋಹೆನ್ ಈ ಸಿದ್ಧಾಂತವನ್ನೇ ತಳ್ಳಿಹಾಕಿದರು. ನೋವು ನಿಜ, ಆದರೆ ಅದರ ಮೂಲ ಸ್ನಾಯುವಿನ ಗಂಟಲ್ಲ ಎಂಬುದು ಅವರ ವಾದ.

ಗಂಟನ್ನು ಖಚಿತವಾಗಿ ತೋರಿಸುವ ಯಂತ್ರ ಆಸ್ಪತ್ರೆಗಳ ದಿನಬಳಕೆಗೆ ಇನ್ನೂ ಬಂದಿಲ್ಲ. ಟ್ರಾವೆಲ್ 1997ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂದಿಗೂ ತಪಾಸಣೆ ನಡೆಯುವುದು ಅವರ ಕಾಲದಂತೆಯೇ: ಚಿಕಿತ್ಸಕರು ಹೆಗಲನ್ನು ತಡವುತ್ತಾ ಹೋಗುತ್ತಾರೆ, 'ಹಾಂ, ಅಲ್ಲೇ' ಎಂದು ರೋಗಿ ಹೇಳುವವರೆಗೆ.