ಮೊದಲ ನೇರ ಗೆರೆ ಮತ್ತು ಅದಕ್ಕೆ ಬೇಕಾದ ಬೀಡು

ಯಂತ್ರಗಳ ಇತಿಹಾಸದ ಬಗ್ಗೆ ಮಾತಾಡುವಾಗೆಲ್ಲ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಸುತ್ತುತ್ತಾ ಇರುತ್ತೆ. ನಮ್ಮ ಕೈಲಿರೋ ಸ್ಕೇಲು ನೇರವಾಗಿದೆ, ಯಾಕಂದ್ರೆ ಅದನ್ನ ಮಾಡಿದ ಯಂತ್ರ ನೇರವಾಗಿದೆ. ಆ ಯಂತ್ರ ನೇರ ಇದೆ ಅಂತ ಇನ್ನೊಂದು ಉಪಕರಣ ಇಟ್ಟು ನೋಡಿದ್ದಾರೆ. ಆ ಉಪಕರಣವನ್ನ ಮತ್ತೊಂದರಿಂದ ನೋಡಿದ್ದಾರೆ. ಹಾಗಾದರೆ ಮೊಟ್ಟಮೊದಲನೇದು? ಅದನ್ನ ಯಾವುದರ ಪಕ್ಕ ಇಟ್ಟು ನೋಡಿದರು?

ಆ ಉಪಕರಣಕ್ಕೆ ವರ್ಕ್‌ಶಾಪುಗಳಲ್ಲಿ ಸ್ಟ್ರೈಟ್ ಎಡ್ಜ್ ಅಂತಾರೆ. ಮೊಳದುದ್ದದಿಂದ ಹಿಡಿದು ಆಳುದ್ದದವರೆಗೆ ಇರುವ ಕಬ್ಬಿಣದ ಪಟ್ಟಿ. ಕೆಲವಕ್ಕೆ ಮೇಲುಗಡೆ ಒಂಟೆಯ ಬೆನ್ನಿನ ಹಾಗೆ ಡುಬ್ಬ, ನಡುವೆ ತೂತುಗಳು, ಕೆಳಗೆ ಮಾತ್ರ ಒಂದು ನುಣುಪಾದ ಮುಖ. ಲೇತ್‌ನ ಬೆಡ್ ನೇರವಾಗಿದೆಯಾ, ಸವೆದಿದೆಯಾ ಅಂತ ನೋಡೋದು ಇದರಿಂದಲೇ. ಒಂದು ಮೀಟರ್ ಉದ್ದಕ್ಕೆ ಕೆಲವೇ ಮೈಕ್ರಾನ್‌ಗಳಷ್ಟು ವ್ಯತ್ಯಾಸ ಇದ್ದರೂ ಇದರಲ್ಲಿ ಗೊತ್ತಾಗಬೇಕು. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಕಥೆ ಶುರುವಾಗೋದು ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಹೆನ್ರಿ ಮಾಡ್‌ಸ್ಲೇ ಎಂಬುವರ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸಗಾರರ ಬೆಂಚುಗಳ ಮೇಲೆ ಸಮತಟ್ಟಾದ ಲೋಹದ ಫಲಕಗಳನ್ನು ಇಟ್ಟಿರುತ್ತಿದ್ದರು, ಮಾಡಿದ ಭಾಗವನ್ನು ಅದರ ಮೇಲಿಟ್ಟು ನೋಡಿಕೊಳ್ಳಲಿ ಅಂತ. 1829ರಲ್ಲಿ ಮಾಡ್‌ಸ್ಲೇ ಅವರ ಸಹಾಯಕರಾಗಿ ಸೇರಿದ ಜೇಮ್ಸ್ ನಾಸ್ಮಿತ್ ತಮ್ಮ ಆತ್ಮಕಥೆಯಲ್ಲಿ ಇದನ್ನ ಬರೆದಿಟ್ಟಿದ್ದಾರೆ. ಅದೇ ಕಾರ್ಖಾನೆಯಲ್ಲಿ ಕೆಲಸ ಕಲಿತ ಇನ್ನೊಬ್ಬ ಹುಡುಗ ಜೋಸೆಫ್ ವಿಟ್‌ವರ್ತ್, ಸ್ಟಾಕ್‌ಪೋರ್ಟ್ ಊರಿನವರು. 1833ರಲ್ಲಿ ಮ್ಯಾಂಚೆಸ್ಟರ್‌ಗೆ ಬಂದು ಸ್ವಂತ ಕಾರ್ಖಾನೆ ತೆಗೆದರು. 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ, ನಿಜವಾದ ಸಮತಲವನ್ನ ಹೇಗೆ ಮಾಡೋದು ಅಂತ ಒಂದು ಪ್ರಬಂಧ ಓದಿದರು.

ಆಗ ರೂಢಿಯಲ್ಲಿದ್ದ ಪದ್ಧತಿ ಎರಡು ಫಲಕಗಳ ನಡುವೆ ಎಮರಿ ಪುಡಿ ಹಾಕಿ ಉಜ್ಜೋದು. ವಿಟ್‌ವರ್ತ್ ಅದು ಬೇಡ ಅಂದರು. ಪುಡಿ ಒಂದು ಕಡೆ ಜಾಸ್ತಿ ತಿನ್ನುತ್ತೆ, ಒಂದು ಕಡೆ ಕಮ್ಮಿ. ಲೋಹದೊಳಗೆ ಸಿಕ್ಕಿಕೊಂಡ ಕಣ ಆಮೇಲೂ ಸವೆಸುತ್ತಾ ಇರುತ್ತೆ. ಅದರ ಬದಲು ಒಂದು ಫಲಕಕ್ಕೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನ ತೆಳ್ಳಗೆ ಸವರಿ, ಇನ್ನೊಂದನ್ನ ಅದರ ಮೇಲಿಟ್ಟು ಎಳೆದು, ಬಣ್ಣ ಹತ್ತಿದ ಉಬ್ಬುಗಳನ್ನಷ್ಟೇ ಕೈಯಿಂದ ಕೆರೆದು ತೆಗೆಯಬೇಕು. ನಮ್ಮ ಫಿಟ್ಟರ್‌ಗಳು ಇವತ್ತಿಗೂ ಸ್ಕ್ರೇಪಿಂಗ್ ಅನ್ನೋದು ಇದನ್ನೇ.

ಆದರೆ ಎರಡು ಫಲಕ ಸಾಲದು. ಒಂದು ಉಬ್ಬಿದ್ದು, ಇನ್ನೊಂದು ಅದಕ್ಕೆ ತಕ್ಕಂತೆ ತಗ್ಗಿದ್ದರೂ ಎರಡೂ ಚೆನ್ನಾಗಿ ಕೂತುಬಿಡುತ್ತವೆ, ಕಪ್ಪಿನ ತಳಕ್ಕೆ ಸಾಸರ್ ಕೂರೋ ಹಾಗೆ. ಅದಕ್ಕೇ ಮೂರನೇದು ಬೇಕು. ಮೊದಲನೇದು ಉಬ್ಬಿದೆ ಅಂದುಕೊಳ್ಳಿ. ಅದಕ್ಕೆ ಹೊಂದಿಸಿದ ಎರಡನೇದೂ ಮೂರನೇದೂ ತಗ್ಗಾಗಿರುತ್ತವೆ. ಈಗ ಆ ಎರಡನ್ನ ಒಂದರ ಮೇಲೊಂದು ಇಟ್ಟರೆ ಅಂಚು ತಾಗುತ್ತೆ, ನಡುವೆ ಸಂದು ಉಳಿಯುತ್ತೆ. ಕಳ್ಳತನ ಬಯಲಾಯ್ತು! ಮೂರನ್ನೂ ಅದಲುಬದಲು ಮಾಡಿ ಕೆರೆಯುತ್ತಾ ಹೋದರೆ, ಯಾವ ಜೋಡಿ ಇಟ್ಟರೂ ಹೊಂದಿಕೊಳ್ಳೋದು ಮೂರೂ ಸಮವಾಗಿದ್ದಾಗ ಮಾತ್ರ. ಸ್ಟ್ರೈಟ್ ಎಡ್ಜ್‌ಗೂ ಇದೇ ಲೆಕ್ಕ. ಯಾವ ಮೂಲ ಅಳತೆಯ ಹಂಗೂ ಇಲ್ಲದೆ ನೇರ ಗೆರೆ ಹುಟ್ಟಿದ್ದು ಹೀಗೆ.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ವಿಟ್‌ವರ್ತ್ ಅವರ ಬುದ್ಧಿ, ಫಿಟ್ಟರ್‌ನ ಕೈಚಳಕ, ಅಲ್ಲಿಗೆ ಮುಗೀತು. ನನಗೆ ಮಾತ್ರ ಇನ್ನೊಂದು ಹಿಂದಿನ ಪ್ರಶ್ನೆ ಮುಖ್ಯ ಅನ್ಸುತ್ತೆ. ಇವತ್ತು ನೇರ ಮಾಡಿದ ಪಟ್ಟಿ ಮುಂದಿನ ತಿಂಗಳು ತಾನಾಗೇ ಬಾಗಿದರೆ? ಎಷ್ಟು ಕೆರೆದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅಂದರೆ, ಕೆಲಸದ ಅರ್ಧ ಭಾಗ ಕಬ್ಬಿಣ ಆರಿಸುವಾಗಲೇ ಮುಗಿದಿರಬೇಕು.

ಕಬ್ಬಿಣ ಅಂದೆ, ಸರಿಯಾಗಿ ಹೇಳಬೇಕಂದ್ರೆ ಬೀಡು. ಎರಕದ ಕಬ್ಬಿಣ. ನಮ್ಮ ಅಡುಗೆಮನೆಯ ದೋಸೆ ಕಾವಲಿಯದೇ ಜಾತಿ. ಇದರಲ್ಲಿ ಇಂಗಾಲ ಸುಮಾರು ಶೇಕಡಾ 3ರ ಆಚೆಈಚೆ ಇರುತ್ತೆ. ನಿಧಾನಕ್ಕೆ ಆರಿದಾಗ ಆ ಇಂಗಾಲದ ಬಹುಪಾಲು ಸಣ್ಣ ಸಣ್ಣ ಗ್ರಾಫೈಟ್ ಚಕ್ಕೆಗಳಾಗಿ ಒಳಗೇ ಕೂರುತ್ತೆ. ಪೆನ್ಸಿಲ್ ಕಡ್ಡಿಯಲ್ಲಿರೋ ಅದೇ ಗ್ರಾಫೈಟ್. ಅದರಿಂದಾಗಿ ಬೀಡು ಸ್ಕ್ರೇಪರ್‌ಗೆ ಪುಡಿಪುಡಿಯಾಗಿ ಸಲೀಸಾಗಿ ಕೆರೆದು ಬರುತ್ತೆ, ಉಕ್ಕಿನಂತೆ ಹರಿದು ಮುಳ್ಳೇಳೋದು ಕಮ್ಮಿ. ಕಂಪನವನ್ನ ನುಂಗಿಕೊಳ್ಳುತ್ತೆ. ಯಂತ್ರಗಳ ಬೆಡ್ ಬೀಡಿನದೇ ಇರೋದು ಸುಮ್ಮನೆ ಅಲ್ಲ.

ವಿಟ್‌ವರ್ತ್ ಅವರ ಕಾಲದ ಬ್ರಿಟನ್ನಿನಲ್ಲಿ ಬೀಡಿಗೆ ಬರ ಇರಲಿಲ್ಲ. 1709ರಲ್ಲಿ ಕೋಲ್‌ಬ್ರುಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ಕರಗಿಸಿದ್ದರು. ಆಮೇಲೆ ಬಂದ ಕುಪೋಲಾ ಕುಲುಮೆಯಿಂದಾಗಿ ಊರೂರಿನ ಫೌಂಡ್ರಿಗಳೂ ಪಿಗ್ ಐರನ್ ತಂದು ಕರಗಿಸಿ ಎರಕ ಹೊಯ್ಯೋದು ಸಾಧ್ಯವಾಯ್ತು. ತಕರಾರು ಇದ್ದದ್ದು ಗುಣದ ಬಗ್ಗೆ. 1828ರಲ್ಲಿ ಗ್ಲಾಸ್ಗೋದ ಜೇಮ್ಸ್ ಬೋಮಾಂಟ್ ನೀಲ್ಸನ್ ಕುಲುಮೆಗೆ ತಣ್ಣನೆ ಗಾಳಿಯ ಬದಲು ಬಿಸಿಗಾಳಿ ಊದುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕಲ್ಲಿದ್ದಲು ಬಹಳ ಉಳಿತಾಯ ಆಯ್ತು. ಆದರೆ ಆ ಕಬ್ಬಿಣ ಗಟ್ಟಿಯಲ್ಲ ಅನ್ನೋ ಗುಲ್ಲೆದ್ದಿತು. ಕೊನೆಗೆ ಬ್ರಿಟಿಷ್ ಅಸೋಸಿಯೇಷನ್ ಪರವಾಗಿ ವಿಲಿಯಂ ಫೇರ್‌ಬೇರ್ನ್ ಮತ್ತು ಈಟನ್ ಹಾಡ್ಜ್‌ಕಿನ್ಸನ್ ಎರಡೂ ಬಗೆಯ ಕಂಬಿಗಳನ್ನ ಮುರಿದು ಪರೀಕ್ಷೆ ಮಾಡಿದರು. ಇಬ್ಬರೂ ಮ್ಯಾಂಚೆಸ್ಟರಿನವರೇ. ಕಬ್ಬಿಣ ಎಲ್ಲಿಯದು, ಯಾವ ಕುಲುಮೆಯದು ಅಂತ ಕೇಳೋದು ಆ ಊರಿನಲ್ಲಿ ಆಗ ದಿನನಿತ್ಯದ ಮಾತಾಗಿದ್ದಿರಬಹುದು.

ಇನ್ನು ಬಾಗೋ ವಿಷಯ. ಕರಗಿದ ಬೀಡು ಅಚ್ಚಿನಲ್ಲಿ ಆರುವಾಗ ತೆಳುವಾದ ಭಾಗ ಬೇಗ ಗಟ್ಟಿಯಾಗುತ್ತೆ, ದಪ್ಪ ಭಾಗ ತಡವಾಗಿ. ತಡವಾಗಿ ಆರಿದ್ದು ಕುಗ್ಗುತ್ತಾ ಮೊದಲೇ ಗಟ್ಟಿಯಾದದ್ದನ್ನ ಎಳೆಯುತ್ತೆ. ಆ ಎಳೆದಾಟ ಒಳಗೇ ಉಳಿದುಬಿಡುತ್ತೆ. ಹೊರಗಿನ ಒಂದು ಪದರವನ್ನ ಯಂತ್ರದಲ್ಲಿ ಕತ್ತರಿಸಿದ ಕೂಡಲೇ ಬಿಗಿ ತಪ್ಪಿ ಪಟ್ಟಿ ಬಾಗುತ್ತೆ. ಜೊತೆಗೆ ತೆಳು ಅಂಚುಗಳು ತೀರಾ ಬೇಗ ಆರಿದರೆ ಅಲ್ಲಿ ಗ್ರಾಫೈಟ್ ಆಗೋದೇ ಇಲ್ಲ. ಬಿಳಿ ಬೀಡು ಆಗುತ್ತೆ, ಗಾಜಿನಷ್ಟು ಗಡಸು, ಸ್ಕ್ರೇಪರ್ ಜಾರುತ್ತೆ. ಹಾಗಾಗಿ ಒಳ್ಳೇ ಸ್ಟ್ರೈಟ್ ಎಡ್ಜ್‌ನ ಅರ್ಧ ವಿದ್ಯೆ ಮರದ ಪ್ಯಾಟರ್ನ್ ಮಾಡುವವನ ಕೈಯಲ್ಲಿರುತ್ತೆ. ಎಲ್ಲೆಲ್ಲಿ ಎಷ್ಟು ದಪ್ಪ ಇಡಬೇಕು, ಕುಗ್ಗೋದಕ್ಕೆ ಅಂತ ಮೀಟರಿಗೆ ಸುಮಾರು 10 ಮಿಲಿಮೀಟರ್ ಎಷ್ಟು ಸೇರಿಸಬೇಕು, ಎಲ್ಲ ಅವನ ಲೆಕ್ಕ. ವಿಟ್‌ವರ್ತ್ ಹೆಸರು ಉಳಿಯಿತು, ಅವರಿಗೆ ಪ್ಯಾಟರ್ನ್ ಮಾಡಿಕೊಟ್ಟವರ ಹೆಸರು ನಮಗೆ ಸಿಗೋದಿಲ್ಲ.

ಇದಕ್ಕೆ ಹಳಬರು ಕಂಡುಕೊಂಡ ಮದ್ದು ಅಂದ್ರೆ ಎರಕವನ್ನ ಅಂಗಳದಲ್ಲಿ ತಿಂಗಳುಗಟ್ಟಲೆ ಮಳೆ ಬಿಸಿಲಿಗೆ ಬಿಡೋದು. ಮರವನ್ನ ಹದ ಮಾಡೋ ಹಾಗೆ ಬೀಡನ್ನೂ ಹದ ಮಾಡೋದು. ಕೇಳೋಕೆ ಚೆಂದ. ಆದರೆ ಹಗಲು ರಾತ್ರಿಯ ಬಿಸಿ ತಂಪಿನಿಂದ ಒಳಗಿನ ಬಿಗಿಯಲ್ಲಿ ಸ್ವಲ್ಪ ಭಾಗ ಮಾತ್ರ ಸಡಿಲವಾಗೋದು. ಹೆಚ್ಚಿನ ಭಾಗ ಹೋಗಬೇಕಾದರೆ ಕುಲುಮೆಯಲ್ಲಿಟ್ಟು 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಗಂಟೆಗಟ್ಟಲೆ ಹಿಡಿದು, ಬಹಳ ನಿಧಾನವಾಗಿ ಆರಿಸಬೇಕು. ಆತುರಪಟ್ಟು ಆರಿಸಿದರೆ ಹೊಸ ಬಿಗಿ ಹುಟ್ಟುತ್ತೆ. ಇಷ್ಟೆಲ್ಲ ಆದಮೇಲೂ ಶಾಖದ ಕಾಟ ತಪ್ಪಲ್ಲ. ಒಂದು ಮೀಟರ್ ಉದ್ದ, 100 ಮಿಲಿಮೀಟರ್ ಎತ್ತರದ ಪಟ್ಟಿಯ ಮೇಲ್ಭಾಗ ಕೆಳಭಾಗಕ್ಕಿಂತ ಬರೀ ಒಂದು ಡಿಗ್ರಿ ಬೆಚ್ಚಗಿದ್ದರೆ ಸಾಕು, ನಡುವೆ ಸುಮಾರು 13 ಮೈಕ್ರಾನ್ ಬಾಗುತ್ತೆ. ಸ್ಟ್ರೈಟ್ ಎಡ್ಜ್‌ಗೆ ಮರದ ಹಿಡಿ ಹಾಕೋದು ಅದಕ್ಕೇ, ಅಂಗೈ ಬಿಸಿ ತಾಗಬಾರದು ಅಂತ.

ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಪಿಗ್ ಐರನ್ ತೆಗೆಯೋಕೆ ಶುರು ಮಾಡಿದಾಗ ಅದು ಕೋಕ್ ಬಳಸಲಿಲ್ಲ, ಮಲೆನಾಡಿನ ಸೌದೆಯ ಇದ್ದಿಲು ಬಳಸಿತು. ಅದಿರು ಬರ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಇದ್ದಿಲಿನಲ್ಲಿ ಗಂಧಕ ತೀರಾ ಕಮ್ಮಿ, ಆದ್ದರಿಂದ ಅಂಥ ಕಬ್ಬಿಣ ಎರಕಕ್ಕೆ ಒಳ್ಳೇದು. ಅದರ ಬೆಲೆ ಕಾಡು ತೆತ್ತಿತು ಅನ್ನೋದನ್ನೂ ಮರೀಬಾರದು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ಲೇತ್ ಕಟ್ಟೋ ಊರಿಗೆ ಬೀಡಿನ ಬೆಡ್ ಬೇಕು, ಅದನ್ನ ಕೆರೆಯೋ ಫಿಟ್ಟರ್ ಬೇಕು, ಅವನ ಕೈಗೆ ಸ್ಟ್ರೈಟ್ ಎಡ್ಜ್ ಬೇಕು. ಒಂದು ತಲೆಮಾರಿನ ಬೆಂಗಳೂರಿನ ಫಿಟ್ಟರ್‌ಗಳಿಗೆ ಈ ವಿದ್ಯೆ ಅನ್ನ ಕೊಟ್ಟಿದೆ.

ಈಗ ಯಾರಾದರೂ ಹೊಸದಾಗಿ ಒಂದು ಸ್ಟ್ರೈಟ್ ಎಡ್ಜ್ ಮಾಡಬೇಕು ಅಂದ್ರೆ ಬೀಡು ಎಲ್ಲಿಂದ ತರೋದು? ಮೂರು ದಾರಿ ಇವೆ. ಒಂದು, ಪ್ಯಾಟರ್ನ್ ಮಾಡಿಸಿ ಫೌಂಡ್ರಿಗೆ ಕೊಡೋದು. ಬೆಳಗಾವಿ, ಶಿವಮೊಗ್ಗದ ಕಡೆ ಫೌಂಡ್ರಿಗಳಿಗೇನು ಕೊರತೆ ಇಲ್ಲ, ಆದರೆ ಒಂದೆರಡು ಪೀಸಿಗೆ ಕುಲುಮೆ ಹೊತ್ತಿಸೋದು ಅವರಿಗೆ ಗಿಟ್ಟಲ್ಲ. ಎರಡು, ನಿರಂತರ ಎರಕದಲ್ಲಿ ತೆಗೆದ ಬೀಡಿನ ಬಾರ್ ಕೊಳ್ಳೋದು. ಒಳಗೆ ಗಾಳಿಗುಳ್ಳೆ, ಮರಳು ಇರೋದು ಕಮ್ಮಿ, ಕಣವೂ ಸಣ್ಣ. ಆದರೆ ಒಂದೇ ಬದಿ ಕತ್ತರಿಸಿದರೆ ಬಾಗುತ್ತೆ, ಕಾಯಿಸಿ ಹದ ಮಾಡಲೇಬೇಕು. ಮೂರನೇದು ಗುಜರಿ.

ಈ ಮೂರನೇ ದಾರಿ ಬಗ್ಗೆ ಪೀಣ್ಯದ ಒಬ್ಬರು ಹಿರಿಯ ಫಿಟ್ಟರ್ ನನಗೆ ಹೇಳಿದ ಮಾತು: "ಹಳೇ ಲೇತ್ ಬೆಡ್ ಸಿಕ್ರೆ ಬಿಡಬೇಡಿ ಸಾರ್. ಅದು ಆಡೋ ಆಟ ಎಲ್ಲ ಆಡಿ ಮುಗಿಸಿರುತ್ತೆ." ವಯಸ್ಸಾಯ್ತು ಅನ್ನೋ ಒಂದೇ ಕಾರಣಕ್ಕೆ ಬೀಡು ನೆಟ್ಟಗಾಗಲ್ಲ ಅಂತ ಆಗಲೇ ಹೇಳಿದೆ. ಹಳೇ ಬೆಡ್ ಕತ್ತರಿಸಿದರೆ ಅದೂ ಬಾಗಬಹುದು. ಆದರೂ ಆ ಹಿರಿಯರ ಮಾತಿನಲ್ಲಿ ತಿರುಳಿದೆ. ನಲವತ್ತು ವರ್ಷ ಕೆಲಸ ಮಾಡಿದ ಎರಕದಲ್ಲಿ ಬಿರುಕಿದ್ದರೆ ಯಾವತ್ತೋ ಕಾಣಿಸಿರುತ್ತಿತ್ತು. ಕೆರೆದ ಮುಖ ಕಣ್ಣೆದುರೇ ಇರುತ್ತೆ, ಗಡಸು ಎಷ್ಟು, ಗುಳ್ಳೆ ಇದೆಯಾ, ಎಲ್ಲ ಮೊದಲೇ ನೋಡಬಹುದು. ಹೊಸ ಎರಕದಲ್ಲಿ ಇಷ್ಟು ಖಾತ್ರಿ ಕೊಂಡುಕೊಳ್ಳುವಾಗ ಸಿಗಲ್ಲ.

ಹಳೇ ಯಂತ್ರಗಳು ಇವತ್ತು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗಿ, ಕರಗಿ, ಮತ್ತೇನೋ ಆಗ್ತಿವೆ. ಕಬ್ಬಿಣ ವ್ಯರ್ಥ ಆಗಲ್ಲ, ಅದು ಸರಿ. ಆದರೆ ಅದರ ಜೊತೆಗೆ ಯಾವ ಬೀಡು ಒಳ್ಳೇದು ಅಂತ ಕೈಯಿಂದ ತಟ್ಟಿ, ಕೆರೆದು ಹೇಳಬಲ್ಲವರ ತಿಳಿವಳಿಕೆಯೂ ಹೋಗ್ತಿದೆ. ಮೂರು ಫಲಕದ ವಿಧಾನ ಪುಸ್ತಕದಲ್ಲಿದೆ, ಯಾರು ಬೇಕಾದರೂ ಓದಿ ಕಲೀಬಹುದು. ಬೀಡು ಆರಿಸೋ ವಿದ್ಯೆ ಬಹುಪಾಲು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ನಿವೃತ್ತರಾದ ಫಿಟ್ಟರ್, ಪ್ಯಾಟರ್ನ್ ಮೇಕರ್, ಎರಕದವರು ಯಾರಾದರೂ ಇದ್ದರೆ ಒಂದು ಸಂಜೆ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.